ನಿಮಿಷದ ಅಳತೆಯಲ್ಲಿ ಕನ್ನಡದ ಓದು

ಪ್ರಾಥಮಿಕ ಶಾಲೆಯ ಓದಿನ ಬೋಧನೆ ಶಿಕ್ಷಣಶಾಸ್ತ್ರಕ್ಕೆ ಸೇರಿದ್ದೆಂದು ಬಗೆದು ನಮ್ಮ ಸಾಹಿತ್ಯ ವಿಮರ್ಶೆ ಅದರತ್ತ ಗಮನ ಹರಿಸಿದ್ದು ಕಡಿಮೆ. ಆದರೆ ಓದು ಎಂದರೇನು ಎಂಬ ಪ್ರಶ್ನೆ ನಮ್ಮದೂ ಹೌದು. ಮುಂಬಯಿಯ ಕನ್ನಡ ಮಾಧ್ಯಮ ಶಾಲೆಗಳ, ಸೊಲ್ಲಾಪುರ ಭಾಗದ ಗಡಿ ತಾಲ್ಲೂಕುಗಳ ಶಿಕ್ಷಕರೊಡನೆ ಮಾತಿಗೆ ಕುಳಿತಾಗ ನಾವು ಕೇಳುವ ದೂರು ಬಹುಮಟ್ಟಿಗೆ ಒಂದೇ: ಮಗುವಿಗೆ ಓದು ಕಲಿಸುವುದಕ್ಕೂ ಅದನ್ನು ಓದಿನ ಪರೀಕ್ಷೆಗೆ ಅಣಿಗೊಳಿಸುವುದಕ್ಕೂ ನಡುವಣ ಅಂತರ ಅಳಿಸಿಹೋಗುತ್ತಿದೆ. ಇದನ್ನು ಮೈಗಳ್ಳರ ನೆಪವೆಂದು ತಳ್ಳಿಹಾಕುವ ಅಧಿಕಾರಿಗಳಿದ್ದಾರೆ. ದೂರಿನ ಹಿಂದೆ ಕನ್ನಡ ಭಾಷೆಯ ಸ್ವರೂಪಕ್ಕೇ ಸಂಬಂಧಿಸಿದ ತೊಡಕೊಂದಿದೆ ಎಂಬುದು ನಮ್ಮ ವಾದ.

ರೋಗ ಹೊಸದಲ್ಲ. ಇಂಗ್ಲೆಂಡಿನಲ್ಲಿ 1862ರ ಪರಿಷ್ಕೃತ ಸಂಹಿತೆಯು ಮಕ್ಕಳ ಓದು, ಬರಹ, ಲೆಕ್ಕಗಳ ಪರೀಕ್ಷಾಫಲಕ್ಕೆ ಶಾಲೆಯ ಅನುದಾನವನ್ನು ಗಂಟುಹಾಕಿತು. ಆಗ ಶಾಲಾ ತನಿಖಾಧಿಕಾರಿಯಾಗಿದ್ದ ಕವಿ, ವಿಮರ್ಶಕ ಮ್ಯಾಥ್ಯೂ ಆರ್ನಲ್ಡ್, ನಿಜವಾಗಿ ಓದಲು ಬಾರದ ಮಕ್ಕಳನ್ನೂ ಜಾಣತನದ ಸಿದ್ಧತೆಯಿಂದ ಆ ಪರೀಕ್ಷೆ ದಾಟಿಸಬಹುದೆಂದು ತನ್ನ ವರದಿಯಲ್ಲಿಯೇ ಬರೆದ. ಅಮೆರಿಕದಲ್ಲಿ 2002ರಲ್ಲಿ ಜಾರಿಗೆ ಬಂದ ಕಾಯಿದೆಯು ಮೂರರಿಂದ ಎಂಟನೆಯ ತರಗತಿಯವರೆಗೆ ಪ್ರತಿವರ್ಷ ಓದಿನ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಅದರ ಅಂಗವಾದ ಓದಿನ ಯೋಜನೆಯನ್ನು 2008ರಲ್ಲಿ ಸರ್ಕಾರವೇ ಮೌಲ್ಯಮಾಪನ ಮಾಡಿಸಿದಾಗ, ಬೋಧನೆಗೆ ಕೊಟ್ಟ ಸಮಯ ಹೆಚ್ಚಿದ್ದರೂ ಅರ್ಥಗ್ರಹಿಕೆಯಲ್ಲಿ ಎಣಿಸುವಂಥ ಸುಧಾರಣೆ ಕಾಣಲಿಲ್ಲ.

ನಮ್ಮಲ್ಲಿ 2021ರ ಜುಲೈನಲ್ಲಿ ಆರಂಭವಾದ ನಿಪುಣ್ ಭಾರತ್ ಯೋಜನೆಯ ಹೆಸರಿನಲ್ಲಿಯೇ ಅರ್ಥಸಹಿತವಾದ ಓದಿನ ಮಾತಿದೆ. ಎರಡನೆಯ ತರಗತಿಯ ಮಗು ನಿಮಿಷಕ್ಕೆ 45ರಿಂದ 60, ಮೂರನೆಯ ತರಗತಿಯದು ಕನಿಷ್ಠ 60 ಪದಗಳನ್ನು ಅರ್ಥವರಿತು ಓದಬೇಕೆಂಬುದು ಅದರ ಗುರಿ. ಇಲ್ಲಿ ಅರ್ಥವನ್ನು ಅಳೆಯುವುದು ಕಷ್ಟ, ನಿಮಿಷವನ್ನು ಅಳೆಯುವುದು ಸುಲಭ. ಶಾಲೆಗೆ ತಲಪುವ ಹೊತ್ತಿಗೆ ಉಳಿಯುವುದು ಯಾವುದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ 'ಪದ' ಎಂಬ ಏಕಮಾನವನ್ನು ನೋಡೋಣ. ಹಿಂದಿಯಲ್ಲಿ 'ಜಾನಾ ಚಾಹಿಯೇ ಥಾ' ಎಂಬುದು ಮೂರು ಪದ. ಕನ್ನಡದ 'ಹೋಗಬೇಕಾಗಿತ್ತು' ಒಂದೇ ಪದ. 'ಅವನು ಮನೆಯಲ್ಲಿ ಇಲ್ಲ' ಎಂದು ಅಚ್ಚುಹಾಕಿದರೆ ಮೂರು, 'ಅವನು ಮನೆಯಲ್ಲಿಲ್ಲ' ಎಂದು ಹಾಕಿದರೆ ಎರಡು. ಸಂಧಿ ಮಾಡುವ ಅಚ್ಚಿನವನ ಅಭ್ಯಾಸವೇ ಮಗುವಿನ ವೇಗವನ್ನು ನಿರ್ಧರಿಸುತ್ತದೆಂದಾಯಿತು! ಇದರ ಮೇಲೆ ಗುಣಿತಾಕ್ಷರ, ಒತ್ತಕ್ಷರಗಳ ನೂರಾರು ರೂಪಗಳು; ಉಚ್ಚಾರದಲ್ಲಿ ಮೊದಲು ಬಂದು ಬರಹದಲ್ಲಿ ಹಿಂದೆ ಬೀಳುವ ಅರ್ಕಾವತ್ತು ಬೇರೆ. ಕನ್ನಡ ಮಕ್ಕಳ ಅಕ್ಷರಜ್ಞಾನವನ್ನು ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಈ ಕಲಿಕೆ ಮೊದಲೆರಡು ವರ್ಷಗಳಲ್ಲಿ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆಂದು ತೋರಿಸಿದೆ. 2022ರ ರಾಷ್ಟ್ರೀಯ ಬುನಾದಿ ಕಲಿಕೆಯ ಸಮೀಕ್ಷೆ 20 ಭಾಷೆಗಳಿಗೆ ಬೇರೆಬೇರೆ ಮಾನದಂಡಗಳನ್ನು ಗೊತ್ತುಪಡಿಸಲು ಹೊರಟದ್ದು ಈ ತೊಡಕನ್ನು ಒಪ್ಪಿಕೊಂಡಂತೆಯೇ. ಅದು ಮೆಚ್ಚತಕ್ಕ ವಿಷಯ. ಅಂಕಿ ಬದಲಾಯಿತು, ಗಡಿಯಾರ ಮಾತ್ರ ಅಲ್ಲಿಯೇ ಉಳಿಯಿತು.

ಗಡಿಯಾರದ ದೃಷ್ಟಿಯಲ್ಲಿ ತಡೆದು ನಿಲ್ಲುವುದು ದೋಷ. ಅಮೆರಿಕದಲ್ಲಿ ರೂಪುಗೊಂಡು 2006ರ ನಂತರ ಅನೇಕ ದೇಶಗಳಿಗೆ ಹರಡಿದ ಇಂಥ ಪರೀಕ್ಷೆಗಳಲ್ಲಿ ಮಗು ಒಂದು ಪದದ ಮುಂದೆ ಮೂರು ಸೆಕೆಂಡು ತಡೆದರೆ ಆ ಪದ ತಪ್ಪೆಂದು ಗುರುತಿಸಿ ಮುಂದೆ ಸಾಗಿಸುವ ಪದ್ಧತಿಯಿದೆ. ನಮ್ಮ ವಾಚನ ಪರಂಪರೆಗೆ ಈ ಎಣಿಕೆ ಅಪರಿಚಿತ. ತಾಳೆಗರಿಯ ಪ್ರತಿಗಳಲ್ಲಿ ಪದಗಳ ನಡುವೆ ತೆರಪಿಲ್ಲ. ಎಲ್ಲಿ ಒಡೆಯಬೇಕು, ಎಲ್ಲಿ ಕೂಡಿಸಬೇಕು ಎಂಬುದನ್ನು ಓದುವವನೇ ಕಂಡುಕೊಳ್ಳಬೇಕು; ತಪ್ಪಾಗಿ ಒಡೆದರೆ ಅರ್ಥವೇ ಪಲ್ಲಟ. ಕುಮಾರವ್ಯಾಸನ ಷಟ್ಪದಿಯಲ್ಲಿ ಪದವು ಪಾದದ ಅಂಚನ್ನು ದಾಟಿ ಮುಂದಿನ ಪಾದಕ್ಕೆ ಹರಿಯುತ್ತದೆ. ಅದನ್ನು ವಾಚಿಸುವ ಗಮಕಿ ನಿಲ್ಲುವುದು ತಿಳಿಯದೆ ಅಲ್ಲ, ತಿಳಿದು. ಅವನ ನಿಲುಗಡೆಯಲ್ಲಿ ವ್ಯಾಖ್ಯಾನವಿದೆ. ಪಾಠಾಂತರಗಳೊಡನೆ ಏಗಿದವರಿಗೆ, ತಡೆದು ಹಿಂದಿರುಗಿ ನೋಡದ ಕಣ್ಣು ಎಷ್ಟು ಅಪಾಯಕಾರಿ ಎಂಬುದು ಚೆನ್ನಾಗಿ ಗೊತ್ತು. ಕೂಲಿಮಠಗಳ ಬೆತ್ತವನ್ನೂ ಬಾಯಿಪಾಠವನ್ನೂ ಇಲ್ಲಿ ಹೊಗಳಲು ನಾವು ಹೊರಟಿಲ್ಲ; ಅವೂ ಎಷ್ಟೋ ಮಕ್ಕಳನ್ನು ಓದಿನಿಂದ ಓಡಿಸಿದವು.

ರಾಜ್ಯದ ಹೊರಗಿನ ಮಗುವಿನ ವಿಷಯದಲ್ಲಿ ಪ್ರಶ್ನೆ ಇನ್ನಷ್ಟು ಬಿಗಿಯಾಗುತ್ತದೆ. ಅಕ್ಕಲಕೋಟೆಯ ಕಡೆಯ ಮಗು ಪುಸ್ತಕದ 'ಮನೆಯಲ್ಲಿ' ಎಂಬುದನ್ನು ನೋಡಿ 'ಮನ್ಯಾಗ' ಎಂದು ಓದಿದರೆ ಅದು ಓದಿತೋ ಇಲ್ಲವೋ? ಅಕ್ಷರಗಳನ್ನು ಗುರುತಿಸಿ, ಅರ್ಥ ಹಿಡಿದು, ಅರ್ಥವನ್ನು ತನ್ನ ಮನೆಯ ಮಾತಿಗೆ ತಿರುಗಿಸಿದ ಮೂರು ಕೆಲಸಗಳು ಆ ಕ್ಷಣದಲ್ಲಿ ನಡೆದಿವೆ. ಅಮೆರಿಕದ ವಿದ್ವಾಂಸ ಕೆನೆತ್ ಗುಡ್‌ಮನ್ 1960ರ ದಶಕದಲ್ಲಿಯೇ ಇಂಥವನ್ನು ತಪ್ಪೆಂದು ಕರೆಯಲು ಒಪ್ಪದೆ, ಓದುಗನ ಮನೋವ್ಯಾಪಾರ ಕಾಣಿಸುವ ಕಿಟಕಿಗಳೆಂದು ಭಾವಿಸಿದ. ಪರೀಕ್ಷೆಯ ಹಾಳೆಯಲ್ಲಿ ಇದಕ್ಕೆ ಬೀಳುವುದು ಒಂದು ಅಡ್ಡಗೆರೆ. ಎದುರಿಗೆ, ಒಂದು ಮಾತಿನ ಅರ್ಥವೂ ತಿಳಿಯದೆ ಗಿಳಿಯಂತೆ ಒಪ್ಪಿಸಿದ ಮಗುವಿಗೆ ಪೂರ್ಣಾಂಕ. ಓದಲು ಬಾರದ ಕನ್ನಡಿಗರೂ ಕಾವ್ಯಪ್ರಯೋಗದಲ್ಲಿ ಪರಿಣತರೆಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಹೆಮ್ಮೆಪಟ್ಟಿತು. ಓದಲು ಬಂದೂ ಪರಿಣತಿಯಿಲ್ಲದವರನ್ನು ತಯಾರಿಸುವ ಉಪಾಯ ಈಗ ನಮಗೆ ದೊರಕಿದೆ.

ಅಳತೆಯೇ ಬೇಡವೆಂಬ ವಾದ ನಮ್ಮದಲ್ಲ. ಪ್ರಥಮ್ ಸಂಸ್ಥೆಯ ನೇತೃತ್ವದಲ್ಲಿ 2005ರಿಂದ ನಡೆದುಬಂದ ಅಸರ್ ಸಮೀಕ್ಷೆ ಇಲ್ಲದಿದ್ದರೆ, ಐದನೆಯ ತರಗತಿಯ ಎಷ್ಟೋ ಮಕ್ಕಳು ಎರಡನೆಯ ತರಗತಿಯ ಪಾಠವನ್ನು ಓದಲಾರರೆಂಬ ಸತ್ಯ ಕಡತಗಳಲ್ಲಿ ಮುಚ್ಚಿಹೋಗುತ್ತಿತ್ತು. ಆದರೆ ಅಸರ್ ಪರೀಕ್ಷೆ ನಡೆಯುವುದು ಮಗುವಿನ ಮನೆಯಲ್ಲಿ. ಅಕ್ಷರ, ಪದ, ವಾಕ್ಯವೃಂದ, ಕಥೆ ಎಂಬ ಮೆಟ್ಟಿಲುಗಳಿವೆ, ಗಡಿಯಾರವಿಲ್ಲ. ಫಲಿತಾಂಶ ಯಾವ ಶಿಕ್ಷಕಿಯ ತಲೆಗೂ ಬರುವುದಿಲ್ಲ. ಕಲಿಸುವ ಕೈಯೇ ಅಳೆದು, ಅಳತೆಯಿಂದಲೇ ತನ್ನನ್ನು ಅಳೆಯಿಸಿಕೊಳ್ಳುವ ಸ್ಥಿತಿ ಬಂದಾಗ ಕಥೆ ಹೇಳುವ ಅವಧಿ ವೇಗದ ಅಭ್ಯಾಸಕ್ಕೆ ಹೋಗುತ್ತದೆ. ಶಿಕ್ಷಕರ ಹತಾಶೆಯ ಮೂಲ ಇಲ್ಲಿದೆ.

ಹೊರನಾಡಿನ ಕನ್ನಡ ವಿಭಾಗಗಳು ಈ ವಿಷಯದಲ್ಲಿ ಮಾಡಬಹುದಾದ ಕೆಲಸವೊಂದಿದೆ. ಮಕ್ಕಳ ಗಟ್ಟಿ ಓದನ್ನು ಧ್ವನಿಮುದ್ರಿಸಿ, ತಪ್ಪೆನಿಸಿಕೊಂಡ ರೂಪಗಳನ್ನು ಊರು, ಮನೆಮಾತುಗಳ ಪ್ರಕಾರ ಪಟ್ಟಿಮಾಡಿದರೆ, ಅಡ್ಡಗೆರೆಗಳಲ್ಲಿ ಎಷ್ಟು ಅಜ್ಞಾನದವು, ಎಷ್ಟು ಉಪಭಾಷೆಯವು ಎಂಬುದು ತಿಳಿದೀತು. ಹಸ್ತಪ್ರತಿಗಳ ಪಾಠಾಂತರಗಳನ್ನು ಗುರುತುಹಾಕಲು ಬಳಸುವ ಕ್ರಮವೇ ಇದಕ್ಕೆ ಸಾಕು.