ಹಾಡುವವರನ್ನು ಹೊರಗಿಟ್ಟ ಟಿಕೆಟ್

1996ರ ಏಪ್ರಿಲ್ ತಿಂಗಳ ಕೊನೆಯ ವಾರಾಂತ್ಯದಲ್ಲಿ ಒಯಾಸಿಸ್ ರಾಕ್ ತಂಡ ಮ್ಯಾಂಚೆಸ್ಟರಿನ ಮೇನ್ ರೋಡ್ ಮೈದಾನದಲ್ಲಿ ಎರಡು ಸಂಜೆ ಹಾಡಿತು. ಕಾರ್ಮಿಕರ ಸಾಲುಮನೆಗಳ ನಡುವೆ ಎದ್ದು ನಿಂತಿದ್ದ ಆ ಮೈದಾನ ಮ್ಯಾಂಚೆಸ್ಟರ್ ಸಿಟಿ ಫುಟ್‌ಬಾಲ್ ಕ್ಲಬ್ಬಿನದು. ಒಯಾಸಿಸ್‌ನ ನೋಯೆಲ್ ಮತ್ತು ಲಿಯಮ್ ಗ್ಯಾಲಗರ್ ಚಿಕ್ಕಂದಿನಿಂದಲೇ ಸಿಟಿ ಬೆಂಬಲಿಗರು. ಮರುವಾರ ಅದೇ ಮೈದಾನದಲ್ಲಿ ಕೊನೆಯ ಪಂದ್ಯ ಆಡಿದ ಸಿಟಿ ಪ್ರೀಮಿಯರ್ ಲೀಗಿನಿಂದ ಹೊರಬಿತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ ಇನ್ನೊಂದು ಮೆಟ್ಟಿಲು ಜಾರಿ ಮೂರನೇ ದರ್ಜೆಗೆ ಇಳಿಯಿತು. 1998ರ ಡಿಸೆಂಬರಿನಲ್ಲಿ ಯಾರ್ಕ್ ಸಿಟಿಯಂಥ ಪುಟ್ಟ ತಂಡದ ಕೈಯಲ್ಲೂ ಸೋತಿತು. ಆ ದುರ್ದಿನಗಳ ಋತುವಿನಲ್ಲೂ ಮೇನ್ ರೋಡಿಗೆ ಪಂದ್ಯವೊಂದಕ್ಕೆ ಸರಾಸರಿ 28 ಸಾವಿರ ಜನ ಬರುತ್ತಿದ್ದರು. ಸೋಲುವ ತಂಡವನ್ನು ನೋಡಲು, ದುಡ್ಡು ಕೊಟ್ಟು, ಮಳೆಯಲ್ಲಿ ನೆನೆದು.

2003ರಲ್ಲಿ ಸಿಟಿ ಆ ಮೈದಾನ ಬಿಟ್ಟು, ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆಂದು ಕಟ್ಟಿದ್ದ ಹೊಸ ಕ್ರೀಡಾಂಗಣಕ್ಕೆ ಹೋಯಿತು. 2008ರ ಸೆಪ್ಟೆಂಬರಿನಲ್ಲಿ ಅಬುಧಾಬಿಯ ರಾಜಮನೆತನದ ಶೇಖ್ ಮನ್ಸೂರ್ ಕ್ಲಬ್ಬನ್ನು ಕೊಂಡರು. ಮಾಲೀಕರು ಬದಲಾದ ದಿನವೇ ಬ್ರೆಜಿಲ್‌ನ ರೊಬಿನ್ಯೋ 3.25 ಕೋಟಿ ಪೌಂಡಿಗೆ ಬಂದಿಳಿದ. 2011ರಲ್ಲಿ ಕ್ರೀಡಾಂಗಣಕ್ಕೆ ಎತಿಹಾದ್ ವಿಮಾನ ಸಂಸ್ಥೆಯ ಹೆಸರು ಬಂತು. ಅದರ ಪಕ್ಕದಲ್ಲೇ 2024ರ ಮೇ ತಿಂಗಳಲ್ಲಿ ಕೋ-ಆಪ್ ಲೈವ್ ಎಂಬ ಬೃಹತ್ ಸಂಗೀತ ಸಭಾಂಗಣ ಬಾಗಿಲು ತೆರೆಯಿತು. 23,500 ಜನ ಹಿಡಿಸುವ ಈ ಸಭಾಂಗಣದಲ್ಲಿ ಸಿಟಿ ಫುಟ್‌ಬಾಲ್ ಗ್ರೂಪ್ ಕೂಡ ಪಾಲುದಾರ. ಒಂದೇ ಆವರಣ, ಒಂದು ಗೇಟಿನಲ್ಲಿ ಫುಟ್‌ಬಾಲ್, ಇನ್ನೊಂದರಲ್ಲಿ ಸಂಗೀತ. ಹಣ ಈ ಎರಡನ್ನೂ ಏನು ಮಾಡಿದೆ ಎಂದು ನೋಡಬಯಸುವವರಿಗೆ ಮ್ಯಾಂಚೆಸ್ಟರಿಗಿಂತ ಸ್ಪಷ್ಟವಾದ ಊರು ಸಿಗಲಾರದು.

ಹಣದಿಂದ ಆಟ ಕೆಟ್ಟಿತು, ಸಂಗೀತ ಕೆಟ್ಟಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2016ರಿಂದ ಪೆಪ್ ಗ್ವಾರ್ಡಿಯೋಲ ಕಟ್ಟಿದ ಸಿಟಿ ತಂಡದ ಆಟ ನೋಡಿದವರಿಗೆ ಆ ಮಾತು ಸುಳ್ಳೆಂದು ಗೊತ್ತು. ಚೆಂಡು ಕಾಲಿಗೆ ಬರುವ ಮೊದಲೇ ಅದು ಎಲ್ಲಿಗೆ ಹೋಗಬೇಕೆಂದು ಕೆವಿನ್ ಡಿ ಬ್ರಾಯ್ನ ತೀರ್ಮಾನಿಸಿರುತ್ತಿದ್ದ. ಹನ್ನೊಂದು ಜನ ಒಟ್ಟಿಗೆ ಯೋಚಿಸುವುದನ್ನು ಕಣ್ಣಾರೆ ಕಾಣಬಹುದಿತ್ತು. 2023ರಲ್ಲಿ ಒಂದೇ ಋತುವಿನಲ್ಲಿ ಮೂರು ದೊಡ್ಡ ಪ್ರಶಸ್ತಿ, 2021ರಿಂದ 2024ರವರೆಗೆ ಸತತ ನಾಲ್ಕು ಲೀಗ್ ಕಿರೀಟ. ಹಣಕಾಸಿನ ನಿಯಮ ಮುರಿದ ನೂರಕ್ಕೂ ಹೆಚ್ಚು ಆರೋಪಗಳನ್ನು 2023ರ ಫೆಬ್ರವರಿಯಲ್ಲಿ ಪ್ರೀಮಿಯರ್ ಲೀಗ್ ಈ ಕ್ಲಬ್ಬಿನ ಮೇಲೆ ಹೊರಿಸಿತು. ಕ್ಲಬ್ ಅವನ್ನೆಲ್ಲ ಅಲ್ಲಗಳೆದಿದೆ. ಆದರೂ ಮೈದಾನದಲ್ಲಿ ಕಂಡದ್ದು ಉನ್ನತ ದರ್ಜೆಯ ಕಲೆ, ಅದನ್ನು ಅಲ್ಲಗಳೆಯಲಾಗದು. ಸಂಗೀತದ್ದೂ ಹೀಗೆಯೇ. 1965ರಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಮ್ಮಿನಲ್ಲಿ ಬೀಟಲ್ಸ್ ಐವತ್ತೈದು ಸಾವಿರ ಜನರ ಮುಂದೆ ಹಾಡಿದಾಗ ಧ್ವನಿ ವ್ಯವಸ್ಥೆ ಎಷ್ಟು ದುರ್ಬಲವಾಗಿತ್ತೆಂದರೆ, ಕಿರುಚಾಟದ ನಡುವೆ ಹಾಡಿದವರಿಗೇ ತಮ್ಮ ಹಾಡು ಕೇಳಿಸುತ್ತಿರಲಿಲ್ಲ. ಇಂದು ಕೊನೆಯ ಸಾಲಿನಲ್ಲಿ ಕೂತವನಿಗೂ ಗಿಟಾರಿನ ಒಂದೊಂದು ತಂತಿ ಕೇಳುತ್ತದೆ. ಅದು ಹಣ ಮಾಡಿದ ಕೆಲಸ, ಒಳ್ಳೆಯ ಕೆಲಸ.

ನನ್ನ ತಕರಾರು ಹಣ ವೇದಿಕೆಗೆ ಬಂದದ್ದರ ಮೇಲಲ್ಲ. ಅದು ಪ್ರೇಕ್ಷಕರನ್ನು ಆರಿಸತೊಡಗಿದ್ದರ ಮೇಲೆ.

ಫುಟ್‌ಬಾಲ್ ಪಂದ್ಯ ಮತ್ತು ಸಂಗೀತ ಕಚೇರಿ ಎರಡರಲ್ಲೂ ಕೃತಿಯ ಅರ್ಧ ಭಾಗ ತಯಾರಾಗುವುದು ಸ್ಟ್ಯಾಂಡಿನಲ್ಲಿ. ಇದಕ್ಕೆ ಪುರಾವೆ ಕೊಟ್ಟವರು ಮಾರುವವರೇ. ಕೋವಿಡ್ ಕಾಲದಲ್ಲಿ, 2020ರ ಜೂನ್‌ನಲ್ಲಿ, ಇಂಗ್ಲೆಂಡಿನಲ್ಲಿ ಖಾಲಿ ಮೈದಾನಗಳಲ್ಲಿ ಪಂದ್ಯ ಮತ್ತೆ ಶುರುವಾದಾಗ ಆಟಗಾರರು ಅವರೇ, ಹುಲ್ಲು ಅದೇ, ಕ್ಯಾಮೆರಾ ಅವೇ. ಆದರೂ ಟಿವಿಯವರು ವಿಡಿಯೋ ಗೇಮಿಗೆಂದು ಸಂಗ್ರಹಿಸಿಟ್ಟಿದ್ದ ಜನರ ಗದ್ದಲವನ್ನು ತಂದು ದೃಶ್ಯಕ್ಕೆ ಅಂಟಿಸಬೇಕಾಯಿತು. ಆ ಗದ್ದಲವಿಲ್ಲದೆ ತಮ್ಮ ಸರಕು ಬರಡು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಸಾವಿರಾರು ಗಂಟಲುಗಳು ಪುಕ್ಕಟೆಯಾಗಿ ಕೊಟ್ಟದ್ದನ್ನು ಜಗತ್ತಿನ ಟಿವಿಗಳಿಗೆ ಮಾರುತ್ತಾರೆ. ಹಾಗೆ ಕೊಟ್ಟವರಿಂದಲೇ ಪ್ರತಿವರ್ಷ ಇನ್ನಷ್ಟು ದುಡ್ಡು ಕೇಳುತ್ತಾರೆ. ಇದಕ್ಕಿಂತ ದೊಡ್ಡ ಅನ್ಯಾಯ ಈ ವ್ಯವಹಾರದಲ್ಲಿ ಬೇರಿಲ್ಲ.

2024ರ ಆಗಸ್ಟ್ 31ರಂದು ಒಯಾಸಿಸ್ ಪುನರ್ಮಿಲನದ ಟಿಕೆಟ್‌ಗಳು ಮಾರಾಟಕ್ಕೆ ಬಂದವು. ಲಕ್ಷಾಂತರ ಜನ ಬೆಳಗಿನಿಂದ ಆನ್‌ಲೈನ್ ಸರದಿಯಲ್ಲಿ ಕಾದರು. ಗಂಟೆಗಟ್ಟಲೆ ಕಾದು ಮುಂದೆ ಬಂದಾಗ, ಸುಮಾರು 148 ಪೌಂಡಿನ ನಿಲ್ಲುವ ಜಾಗದ ಟಿಕೆಟ್ 355 ಪೌಂಡ್ ಆಗಿತ್ತು. ಕೊಳ್ಳಬೇಕೋ ಬಿಡಬೇಕೋ, ನಿಮಿಷಗಳಲ್ಲಿ ಹೇಳಬೇಕು. ಟಿಕೆಟ್‌ಮಾಸ್ಟರ್ ಕಂಪನಿ ಬೆಲೆ ನಿಗದಿ ಆಯೋಜಕರದು ಎಂದಿತು. ತಂಡ ಅದನ್ನು ಆಯೋಜಕರ, ವ್ಯವಸ್ಥಾಪಕರ ತಲೆಗೆ ಕಟ್ಟಿತು. ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ತನಿಖೆ ಮಾಡಿ 2025ರ ಮಾರ್ಚಿನಲ್ಲಿ ಹೇಳಿದ ಮಾತು ಕಣ್ತೆರೆಸುವಂಥದ್ದು. ಕ್ಷಣಕ್ಷಣಕ್ಕೂ ಬೆಲೆ ಏರಿಸುವ ಗಣಕಸೂತ್ರ ಅಲ್ಲಿರಲಿಲ್ಲ. ನಿಲ್ಲುವ ಜಾಗಕ್ಕೆ ಎರಡು ಬೆಲೆ ಮೊದಲೇ ನಿಶ್ಚಯವಾಗಿತ್ತು. ಅಗ್ಗದ್ದು ಮುಗಿದ ಮೇಲೆ ದುಬಾರಿಯದು ಬರುತ್ತದೆಂದು ಕಾದವರಿಗೆ ಹೇಳಿರಲಿಲ್ಲ. ಕೂರುವ ಕೆಲವು ಟಿಕೆಟ್‌ಗಳಿಗೆ ‘ಪ್ಲಾಟಿನಂ’ ಎಂದು ಹೆಸರಿಟ್ಟು ಸುಮಾರು ಎರಡೂವರೆ ಪಟ್ಟು ಬೆಲೆಗೆ ಮಾರಿದ್ದರು. ಆ ಹೆಸರಿನ ಜೊತೆ ಬೇರೆ ಯಾವ ಹೆಚ್ಚಿನ ಸೌಲಭ್ಯವೂ ಇರಲಿಲ್ಲ. ಅಂದರೆ ಅಂದು ಜನರನ್ನು ಕಾಡಿದ್ದು ಯಂತ್ರವಲ್ಲ, ಮುಂಚೆಯೇ ಕುಳಿತು ಮಾಡಿದ ಲೆಕ್ಕ.

ಇಂಥ ಬೆಲೆಗಳ ಪರವಾಗಿ ಒಂದು ಗಟ್ಟಿ ವಾದವಿದೆ, ಅದನ್ನು ತಳ್ಳಿಹಾಕಿ ಮುಂದೆ ಹೋಗಬಾರದು. ಟಿಕೆಟನ್ನು ಅಗ್ಗವಾಗಿ ಮಾರಿದರೆ ಬ್ಲ್ಯಾಕ್‌ನಲ್ಲಿ ಮಾರುವವರು ಅದನ್ನು ಬಾಚಿಕೊಂಡು ಹತ್ತು ಪಟ್ಟಿಗೆ ಮಾರುತ್ತಾರೆ. ಆ ಲಾಭ ಬೆವರು ಸುರಿಸಿ ಹಾಡುವವರಿಗೇ ಏಕೆ ಸೇರಬಾರದು? 2022ರಲ್ಲಿ ತಮ್ಮ ಪ್ರವಾಸದ ಕೆಲವು ಟಿಕೆಟ್‌ಗಳು ಐದು ಸಾವಿರ ಡಾಲರ್ ಮುಟ್ಟಿದಾಗ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಕೊಟ್ಟ ಸಮರ್ಥನೆಯ ತಿರುಳು ಇದೇ. ಸಂಗೀತಗಾರರಿಗೆ ಈ ವಾದ ಹೇಳುವ ಹಕ್ಕು ಸ್ವಲ್ಪ ಇದೆ ಎಂದೇ ನನ್ನ ಅನಿಸಿಕೆ. 1999ರಲ್ಲಿ ಹಾಡುಗಳನ್ನು ಅಂತರ್ಜಾಲದಲ್ಲಿ ಪುಕ್ಕಟೆ ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂದ ಮೇಲೆ ಸಿ.ಡಿ. ಮಾರಾಟ ಕುಸಿಯಿತು. ಮುಂದೆ ಸಂಗೀತ ನಲ್ಲಿಯ ನೀರಿನಂತೆ ಹರಿಯುತ್ತದೆ, ಹಾಡುವವರು ಊರೂರು ತಿರುಗಿಯೇ ಬದುಕಬೇಕು ಎಂದು ಡೇವಿಡ್ ಬೋವೀ 2002ರಲ್ಲೇ ಎಚ್ಚರಿಸಿದ್ದರು. ಹಾಗೆಯೇ ಆಯಿತು. ಧ್ವನಿಮುದ್ರಣದಿಂದ ಬರುತ್ತಿದ್ದ ಅನ್ನವನ್ನು ವೇದಿಕೆಯೇ ದುಡಿಯಬೇಕಾಯಿತು. ಆದರೆ ಐದು ಸಾವಿರ ಡಾಲರಿಗೆ ಅದು ಉತ್ತರವಲ್ಲ. ಕಾರ್ಖಾನೆ ಊರುಗಳ ಹಾಡುಗಾರನೆಂದೇ ಹೆಸರಾದವರ ಕಚೇರಿಗೆ ಆ ಊರಿನವರು ಬರಲಾಗದಿದ್ದರೆ ಅವರು ಹಾಡುವುದು ಯಾರಿಗೆ? 1980ರಿಂದ ನಡೆದು ಬಂದಿದ್ದ ಬ್ಯಾಕ್‌ಸ್ಟ್ರೀಟ್ಸ್ ಎಂಬ ಅವರ ಅಭಿಮಾನಿಗಳ ಪತ್ರಿಕೆ ಈ ಬೆಲೆಗಳಿಂದ ಮನಸ್ಸು ಮುರಿದುಕೊಂಡು 2023ರಲ್ಲಿ ನಿಂತೇ ಹೋಯಿತು.

ಬ್ಲ್ಯಾಕ್ ಮಾರಾಟ ತಡೆಯಲು ಬೇರೆ ದಾರಿಯಿಲ್ಲ ಎನ್ನುವುದು ನಿಜವೂ ಅಲ್ಲ. ಗ್ಲಾಸ್ಟನ್‌ಬರಿ ಉತ್ಸವ 2007ರಿಂದ ಟಿಕೆಟಿನ ಮೇಲೆ ಕೊಂಡವರ ಫೋಟೋ ಹಾಕುತ್ತಿದೆ, ಬೇರೆಯವರು ಬಳಸುವಂತಿಲ್ಲ. ದ ಕ್ಯೂರ್ ತಂಡದ ರಾಬರ್ಟ್ ಸ್ಮಿತ್ 2023ರ ಅಮೆರಿಕ ಪ್ರವಾಸದಲ್ಲಿ 20 ಡಾಲರಿನ ಟಿಕೆಟ್ ಇಡಿಸಿದರು, ಕಾನೂನು ಬಿಟ್ಟ ಕಡೆಯೆಲ್ಲ ಅದನ್ನು ಕೈ ಬದಲಿಸದಂತೆ ಮಾಡಿಸಿದರು. ಶುಲ್ಕದ ಹೆಸರಿನಲ್ಲಿ ಟಿಕೆಟಿಗಿಂತ ಹೆಚ್ಚು ಹಣ ವಸೂಲಾದಾಗ ಸಾರ್ವಜನಿಕವಾಗಿ ಜಗಳ ತೆಗೆದು ಒಂದಷ್ಟನ್ನು ಕೊಂಡವರಿಗೆ ಮರಳಿ ಕೊಡಿಸಿದರು. ಒಬ್ಬ ಹಾಡುಗಾರ ಪಟ್ಟು ಹಿಡಿದರೆ ಇಷ್ಟು ಸಾಧ್ಯ. ಉಳಿದವರು ಪಟ್ಟು ಹಿಡಿಯಲಿಲ್ಲ, ಅಷ್ಟೇ.

ಫುಟ್‌ಬಾಲಿಗಂತೂ ಸಂಗೀತಗಾರರಿಗಿರುವ ಈ ಚಿಕ್ಕ ನೆಪವೂ ಇಲ್ಲ. 1992ರಲ್ಲಿ ಪ್ರೀಮಿಯರ್ ಲೀಗ್ ಹುಟ್ಟಿದಾಗ ಟಿವಿ ಒಪ್ಪಂದ ಐದು ವರ್ಷಕ್ಕೆ 30.4 ಕೋಟಿ ಪೌಂಡ್ ಇತ್ತು. 2025ರಲ್ಲಿ ಶುರುವಾದ ಒಪ್ಪಂದ, ಬ್ರಿಟನ್ ಒಂದಕ್ಕೇ, ನಾಲ್ಕು ವರ್ಷಕ್ಕೆ 670 ಕೋಟಿ ಪೌಂಡ್. ಈ ಹೊಳೆಯ ಮುಂದೆ ಗೇಟಿನಲ್ಲಿ ಸೇರುವ ಹಣ ಸಣ್ಣದು. ದೊಡ್ಡ ಕ್ಲಬ್ಬುಗಳು ಟಿಕೆಟ್ ಬೆಲೆ ಇಳಿಸಿದರೆ ಯಾವ ಆಟಗಾರನ ಸಂಬಳವೂ ನಿಲ್ಲುವುದಿಲ್ಲ. ಆದರೂ ಏರಿಸುತ್ತಾರೆ. ಇಡೀ ಋತುವಿನ ಟಿಕೆಟ್ ಕೊಂಡು ಮೂವತ್ತು ವರ್ಷ ಒಂದೇ ಸೀಟಿನಲ್ಲಿ ಕೂತವನಿಗಿಂತ, ಒಮ್ಮೆ ಬಂದು ಅಂಗಡಿಯಲ್ಲಿ ಜೆರ್ಸಿ ಕೊಂಡು ಹೋಗುವ ಪ್ರವಾಸಿ ಲಾಭದಾಯಕ.

ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಟಿಕೆಟನ್ನು ಅನುಮತಿಯಿಲ್ಲದೆ ಮರುಮಾರಾಟ ಮಾಡುವುದು 1994ರಿಂದಲೂ ಅಪರಾಧ. ಎದುರಾಳಿ ಬೆಂಬಲಿಗರು ಒಂದೇ ಸ್ಟ್ಯಾಂಡಿನಲ್ಲಿ ಸೇರಿ ಹೊಡೆದಾಡದಿರಲಿ ಎಂದು ಮಾಡಿದ ಕಾನೂನು. ಸಂಗೀತ ಕಚೇರಿಗೆ ಅಂಥ ರಕ್ಷಣೆ ಇರಲಿಲ್ಲ, ಅಲ್ಲಿ ಮರುಮಾರಾಟ ಕಂಪನಿಗಳು ಹುಲುಸಾಗಿ ಬೆಳೆದವು. ಕ್ಲಬ್ಬೇ ಅನುಮತಿ ಕೊಟ್ಟರೆ ಆ ಕಾನೂನು ಅಡ್ಡ ಬರುವುದಿಲ್ಲ. ಕಚೇರಿ ಟಿಕೆಟ್‌ಗಳ ಮರುಮಾರಾಟದಿಂದ ಹೆಸರಾದ ವಯಾಗೋಗೋ ಕಂಪನಿಯ ಜೊತೆ ಮ್ಯಾಂಚೆಸ್ಟರ್ ಸಿಟಿ ಕೈಜೋಡಿಸಿದ್ದು ಹೀಗೆ. 2025ರ ಏಪ್ರಿಲ್‌ನಲ್ಲಿ ಲೆಸ್ಟರ್ ವಿರುದ್ಧದ ಪಂದ್ಯದಲ್ಲಿ ಸಿಟಿಯ ಅನೇಕ ಬೆಂಬಲಿಗರು ಇದನ್ನು ವಿರೋಧಿಸಿ ಮೊದಲ ಒಂಬತ್ತು ನಿಮಿಷ ಒಳಗೆ ಹೋಗದೆ ಹೊರಗೇ ನಿಂತರು. ಪ್ರಶಸ್ತಿಗಳ ಮೇಲೆ ಪ್ರಶಸ್ತಿ ಕಂಡ ಜನ ಇವರು. ಕಪ್ ಕೊಟ್ಟರೆ ಬೆಂಬಲಿಗರು ಬಾಯಿ ಮುಚ್ಚಿಕೊಂಡಿರುತ್ತಾರೆ ಎಂದು ಎಣಿಸಿದವರಿಗೆ ಅವರು ಕೊಟ್ಟ ಉತ್ತರ ಕಂಡು ನನಗೆ ಬಹಳ ಸಂತೋಷವಾಯಿತು.

ಬೇಡಿಕೆಗೆ ತಕ್ಕಂತೆ ಬೆಲೆ ಬದಲಿಸುವ ಪಾಠವನ್ನು ಸಂಗೀತದವರಿಂದ ಫಿಫಾ ಕೂಡ ಕಲಿತಿದೆ. 2025ರ ಕ್ಲಬ್ ವಿಶ್ವಕಪ್‌ನಲ್ಲಿ ಚೆಲ್ಸಿ ಮತ್ತು ಫ್ಲುಮಿನೆನ್ಸೆ ನಡುವಿನ ಸೆಮಿಫೈನಲ್ ಟಿಕೆಟ್ 473 ಡಾಲರಿಂದ ಕೊನೆಗೆ 13 ಡಾಲರಿಗೆ ಇಳಿಯಿತು. ಮೊದಲೇ ಕೊಂಡ ನಿಷ್ಠಾವಂತರು ಸುಮಾರು ಮೂವತ್ತೈದು ಪಟ್ಟು ಕೊಟ್ಟರು, ಕೊನೆಗೆ ಬಂದವರು ಅದೇ ಸಾಲಿನಲ್ಲಿ ಪಕ್ಕಕ್ಕೆ ಕೂತರು. ಪ್ರೀತಿ ಹೆಚ್ಚಿದ್ದವನಿಗೆ ದಂಡ ಹೆಚ್ಚು.

ಮೇಲೆ ಕೂಡಿಟ್ಟ ಹಣ ಕೆಳಗೆ ಹರಿದಿದ್ದರೆ ಒಂದಷ್ಟು ಸಮಾಧಾನವಿರುತ್ತಿತ್ತು. ಒಯಾಸಿಸ್ 1991ರಲ್ಲಿ ಮೊದಲು ಹಾಡಿದ್ದು ಮ್ಯಾಂಚೆಸ್ಟರಿನ ಬೋರ್ಡ್‌ವಾಕ್ ಎಂಬ ಸಣ್ಣ ಕ್ಲಬ್ಬಿನಲ್ಲಿ. ಅವರನ್ನು ಧ್ವನಿಮುದ್ರಣ ಕಂಪನಿಯವರು ಕಂಡುಹಿಡಿದದ್ದು 1993ರಲ್ಲಿ ಗ್ಲಾಸ್ಗೋದ ಇನ್ನೊಂದು ಇಕ್ಕಟ್ಟಿನ ಜಾಗದಲ್ಲಿ. ಬೋರ್ಡ್‌ವಾಕ್ ಎಂದೋ ಮುಚ್ಚಿತು. ಬ್ರಿಟನ್ನಿನಲ್ಲಿ ಇಂಥ 125 ಪುಟ್ಟ ವೇದಿಕೆಗಳು 2023ರ ಒಂದೇ ವರ್ಷದಲ್ಲಿ ನಿಂತುಹೋದವು ಎಂದು ಅವುಗಳ ಪರ ಕೆಲಸ ಮಾಡುವ ಮ್ಯೂಸಿಕ್ ವೆನ್ಯೂ ಟ್ರಸ್ಟ್ ಹೇಳಿತು. ಕೋ-ಆಪ್ ಲೈವ್ ಬಾಗಿಲು ತೆರೆದದ್ದು ಅದರ ಮರುವರ್ಷ. ಮ್ಯಾಂಚೆಸ್ಟರಿನ ಮಗ್ಗುಲಲ್ಲೇ ಇರುವ ಬರಿ ಎಂಬ ಊರಿನ ಕ್ಲಬ್ 1885ರದು. 2019ರಲ್ಲಿ ಸಾಲ ತೀರಿಸಲಾಗದೆ ಲೀಗಿನಿಂದ ಹೊರಹಾಕಿಸಿಕೊಂಡಿತು. ಕೆಲವೇ ಮೈಲಿ ದೂರದಲ್ಲಿ ಜಗತ್ತಿನ ಅತಿ ಶ್ರೀಮಂತ ಕ್ಲಬ್ಬುಗಳೆರಡು ಆಡುತ್ತಿದ್ದವು.

ಜರ್ಮನಿಯವರು ಬೇರೆ ದಾರಿ ಹಿಡಿದಿದ್ದಾರೆ. ಅಲ್ಲಿ ಕ್ಲಬ್ಬಿನ ಮತದ ಬಹುಪಾಲು ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ಡಾರ್ಟ್‌ಮಂಡ್‌ನ ದಕ್ಷಿಣ ಗ್ಯಾಲರಿಯಲ್ಲಿ ಸುಮಾರು 25 ಸಾವಿರ ಜನ ಕಡಿಮೆ ಬೆಲೆಗೆ ನಿಂತು ಹಾಡುತ್ತಾರೆ. ಲೀಗಿನ ಮಾಧ್ಯಮ ಆದಾಯದ ಪಾಲನ್ನು ಹೂಡಿಕೆದಾರರಿಗೆ ಮಾರುವ ಯೋಜನೆ ಬಂದಾಗ ಬೆಂಬಲಿಗರು ಮೈದಾನಕ್ಕೆ ಟೆನಿಸ್ ಚೆಂಡು ಎಸೆದೆಸೆದು ಪಂದ್ಯ ನಿಲ್ಲಿಸಿದರು, 2024ರ ಫೆಬ್ರವರಿಯಲ್ಲಿ ಆ ಯೋಜನೆ ಬಿದ್ದುಹೋಯಿತು. ಆ ಲೀಗ್ ನಿರ್ದೋಷಿಯೇನಲ್ಲ. ಬಯರ್ನ್ ಮ್ಯೂನಿಕ್ ಹನ್ನೊಂದು ವರ್ಷ ಸತತವಾಗಿ ಗೆದ್ದ ಲೀಗ್ ಅದು. ಆದರೆ ಅಲ್ಲಿ ಸ್ಟ್ಯಾಂಡ್ ಬದುಕಿದೆ.

ಹಣ ಒಂದೇ ಕಡೆಯಿಂದ ಬಂದರೆ ಏನಾಗುತ್ತದೆಂದು ಬೆಂಗಳೂರಿನವರಿಗೆ ಇಂಗ್ಲೆಂಡ್ ಹೇಳಿಕೊಡಬೇಕಿಲ್ಲ. 2025ರ ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗ್ ನಡೆಸುತ್ತಿದ್ದ ಕಂಪನಿ, ಭಾರತದ ಫುಟ್‌ಬಾಲ್ ಫೆಡರೇಷನ್ ಜೊತೆಗಿನ ಒಪ್ಪಂದ ಮುಗಿಯುತ್ತ ಬಂತೆಂದು ಋತುವನ್ನೇ ತಡೆಹಿಡಿಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ ಸಂಬಳ ನಿಲ್ಲಿಸಿತು. ಟಿಕೆಟಿನ ನೋವೂ ನಮಗೆ ಹೊಸದಲ್ಲ. 2024ರ ಸೆಪ್ಟೆಂಬರಿನಲ್ಲಿ ಕೋಲ್ಡ್‌ಪ್ಲೇಯ ಮುಂಬೈ ಕಚೇರಿಗೆ ಸರದಿಯಲ್ಲಿ ಕಾದವರಲ್ಲಿ ಕನ್ನಡಿಗರೂ ಇದ್ದರು. ಟಿಕೆಟ್ ಕೈಗೆ ಸಿಗುವ ಮೊದಲೇ ಅದು ಮರುಮಾರಾಟದ ತಾಣಗಳಲ್ಲಿ ಲಕ್ಷದ ಲೆಕ್ಕದಲ್ಲಿ ಕಾಣಿಸಿಕೊಂಡಿತ್ತು.

ಕೊಳ್ಳುವವರು ಸೇರಿ ನಿಂತರೆ ಬೆಲೆ ಇಳಿಯುತ್ತದೆ. 2016ರ ಫೆಬ್ರವರಿಯಲ್ಲಿ ಲಿವರ್‌ಪೂಲ್ ಕ್ಲಬ್ 77 ಪೌಂಡಿನ ಟಿಕೆಟ್ ಘೋಷಿಸಿದಾಗ, ಸಂಡರ್‌ಲ್ಯಾಂಡ್ ಎದುರಿನ ಪಂದ್ಯದ 77ನೇ ನಿಮಿಷಕ್ಕೆ ಸಾವಿರಾರು ಜನ ಎದ್ದು ಹೊರನಡೆದರು. ಆಗ 2-0 ಮುಂದಿದ್ದ ತಂಡ ಕೊನೆಗೆ 2-2 ಡ್ರಾ ಮಾಡಿಕೊಂಡಿತು. ಕೆಲವೇ ದಿನಗಳಲ್ಲಿ ಮಾಲೀಕರು ಆ ಬೆಲೆ ಹಿಂತೆಗೆದುಕೊಂಡು ಕ್ಷಮೆ ಕೇಳಿದರು. ಅದೇ ವರ್ಷ ಪ್ರೀಮಿಯರ್ ಲೀಗ್, ಎದುರಾಳಿಯ ಮೈದಾನಕ್ಕೆ ಪ್ರಯಾಣಿಸುವ ಬೆಂಬಲಿಗರ ಟಿಕೆಟ್ 30 ಪೌಂಡ್ ಮೀರಬಾರದು ಎಂದು ಮಿತಿ ಹಾಕಿತು. ಆ ಮಿತಿ ಇಂದಿಗೂ ಉಳಿದಿದೆ. ಪ್ರೀಮಿಯರ್ ಲೀಗಿನ ಪಂದ್ಯಗಳಲ್ಲಿ ಅತಿ ಹೆಚ್ಚು ಸದ್ದು ಮಾಡುವವರೂ ಆ ಮೂವತ್ತು ಪೌಂಡಿನ ಮೂಲೆಯವರೇ. ನಮ್ಮಲ್ಲೂ ಮುಂದಿನ ದೊಡ್ಡ ಕಚೇರಿಯ ಟಿಕೆಟ್ ಮುಖಬೆಲೆಯ ಹತ್ತು ಪಟ್ಟಿಗೆ ಮರುಮಾರಾಟಕ್ಕೆ ಬಂದಾಗ, ದಯವಿಟ್ಟು ಕೊಳ್ಳಬೇಡಿ.