ಝೆರಾಕ್ಸ್ ಪ್ರತಿಗೆ ಕಾವಲಿಲ್ಲ

ಶಹಾಪುರದಲ್ಲಿ ಲಾಡ್ಜಿನ ಕೋಣೆ ಹಿಡಿಯಲಿ, ಸುರಪುರದಲ್ಲಿ ಫೈನಾನ್ಸಿನವರ ಬಳಿ ಸಾಲ ಕೇಳಲಿ, ಯಾದಗಿರಿಯಿಂದ ಬೆಂಗಳೂರಿಗೆ ದುಡಿಯಲು ಹೊರಡಲಿ, ಮೊದಲು ಕೊಡಬೇಕಾದದ್ದು ಆಧಾರ್ ಝೆರಾಕ್ಸ್. ಆಮೇಲೆ ಅದು ಯಾರ ಕಪಾಟಿನಲ್ಲಿ ಉಳಿಯುತ್ತದೆ ಎಂದು ಕೇಳುವವರು ಕಡಿಮೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಆ ಕಪಾಟಿನ ಮುಂದೆ ನಿಂತೇ ಓದಬೇಕು.

ಈ ಕಾಯ್ದೆಯ ಬೇರಿನಲ್ಲಿ ಕನ್ನಡನಾಡಿನ ಹಿರಿಯರೊಬ್ಬರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು.

ಕಾಯ್ದೆಯಲ್ಲಿ ಮೆಚ್ಚಬೇಕಾದದ್ದಿದೆ. ಯಾವ ಮಾಹಿತಿ, ಯಾತಕ್ಕೆ ಬೇಕು ಎಂಬ ತಿಳಿವಳಿಕೆ ಪತ್ರವನ್ನು ಕನ್ನಡದಲ್ಲೇ ಓದುವ ಅವಕಾಶವನ್ನು ವ್ಯಾಪಾರಿ ಕೊಡಬೇಕು. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಇಂಗ್ಲಿಷ್ ಫಾರಂ ಮೇಲೆ ಹೆಬ್ಬೆಟ್ಟು ಒತ್ತುವ ಪದ್ಧತಿ ನಿಲ್ಲಲು ಇದೊಂದು ದಾರಿ. ಆದರೆ ಓದಲು ಬಾರದವರಿಗೆ ಯಾರಾದರೂ ಬಾಯಿಬಿಟ್ಟು ಹೇಳಲೇಬೇಕು, ಪತ್ರ ಕನ್ನಡದಲ್ಲಿದ್ದರಷ್ಟೇ ಸಾಲದು.

ದೊಡ್ಡ ಕೊರತೆ ಕಾಗದದ್ದು. ಕಾಯ್ದೆ ಕಾಯುವುದು ಡಿಜಿಟಲ್ ರೂಪದ ಮಾಹಿತಿಯನ್ನು ಮಾತ್ರ. ಮೇಸ್ತ್ರಿ ಕೂಲಿಯವನ ಆಧಾರನ್ನು ಮೊಬೈಲಿನಲ್ಲಿ ಫೋಟೊ ಹೊಡೆದು ಗುತ್ತಿಗೆದಾರನಿಗೆ ವಾಟ್ಸಾಪ್ ಮಾಡಿದರೆ ಅದು ಕಾಯ್ದೆಯೊಳಗೆ ಬರುತ್ತದೆ. ಅದೇ ಆಧಾರಿನ ಝೆರಾಕ್ಸನ್ನು ಫೈಲಿಗೆ ಹಾಕಿಟ್ಟರೆ ಹೊರಗುಳಿಯುತ್ತದೆ. 2018ರ ಮೇ ತಿಂಗಳಿಂದ ಜಾರಿಯಲ್ಲಿರುವ ಯುರೋಪಿನ ದತ್ತಾಂಶ ಸಂರಕ್ಷಣಾ ನಿಯಮ ಜಿಡಿಪಿಆರ್ ಹೀಗೆ ಬಿಟ್ಟಿಲ್ಲ, ಕ್ರಮವಾಗಿ ಜೋಡಿಸಿಟ್ಟ ಕಾಗದದ ಕಡತವನ್ನೂ ಒಳಗೆ ತಂದಿದೆ. ವ್ಯವಹಾರವೆಲ್ಲ ಝೆರಾಕ್ಸಿನ ಮೇಲೆ ನಡೆಯುವ ನಮ್ಮ ಊರುಗಳಿಗೆ ಆ ರಕ್ಷಣೆ ಇನ್ನೂ ಹೆಚ್ಚು ಬೇಕಿತ್ತು. ಯುರೋಪಿನ ಗ್ರಾಹಕರಿಗಾಗಿ ಅಲ್ಲಿನ ನಿಯಮ ಪಾಲಿಸುವ ಬೆಂಗಳೂರಿನ ಕಂಪನಿ, ತನ್ನ ಕಟ್ಟಡ ಕಟ್ಟಿದ ಯಾದಗಿರಿಯ ಕೂಲಿಯವನ ಕಾಗದಕ್ಕೆ ಅಷ್ಟು ಕಾಳಜಿ ತೋರಬೇಕೆಂದು ಈ ಕಾಯ್ದೆ ಕೇಳುವುದಿಲ್ಲ.

ಇನ್ನು ಪರಿಹಾರ. 2025ರ ನವೆಂಬರಿನಲ್ಲಿ ಕಾಯ್ದೆಯ ನಿಯಮಗಳು ಹೊರಬಿದ್ದವು, ವ್ಯಾಪಾರಿಗಳ ಮುಖ್ಯ ಹೊಣೆಗಳಿಗೆ 18 ತಿಂಗಳ ಗಡುವಿದೆ. ತಪ್ಪಿತಸ್ಥರಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು, ಆದರೆ ಆ ಹಣ ಸರ್ಕಾರದ ಖಜಾನೆಗೆ ಹೋಗುತ್ತದೆ. ನೊಂದವರಿಗೆ ಪರಿಹಾರ ಕೊಡಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮನ್ನೂ ಈ ಕಾಯ್ದೆ ತೆಗೆದುಹಾಕುತ್ತದೆ. ಜಿಡಿಪಿಆರ್‌ನಲ್ಲಿ ಪರಿಹಾರ ಕೇಳುವ ಹಕ್ಕಿದೆ. ಸುರಪುರದ ಹೆಣ್ಣುಮಗಳೊಬ್ಬಳ ಕಾಗದ ಬಳಸಿ ಇನ್ಯಾರೋ ಸಾಲ ಎತ್ತಿದರೆ ಈ ಕಾಯ್ದೆಯಡಿ ಅವಳ ಕೈಗೆ ಒಂದು ರೂಪಾಯಿಯೂ ಬರುವುದಿಲ್ಲ. ಅವಳ ದೂರು ಸುಳ್ಳು ಎಂದು ಕಾಯ್ದೆಯಡಿಯ ದತ್ತಾಂಶ ಸಂರಕ್ಷಣಾ ಮಂಡಳಿ ತೀರ್ಮಾನಿಸಿದರೆ ಮಾತ್ರ ಅವಳಿಗೇ 10,000 ರೂಪಾಯಿವರೆಗೆ ದಂಡ ಬೀಳಬಹುದು.