ಹಳ್ಳಿಹೈದನ ಪಡಿಯಚ್ಚು: ಕಿರುತೆರೆಯ ಕಥನ ಮತ್ತು ತೆಂಗಿನ ಸೀಮೆಯ ಯುವಜನ

ಗ್ರಾಮೀಣ ಯುವಕನನ್ನು ಕುರಿತು ಕನ್ನಡದ ಸಮೂಹ ಮಾಧ್ಯಮಗಳು ಮುಖ್ಯವಾಗಿ ಎರಡು ಪಡಿಯಚ್ಚುಗಳನ್ನು ಬಳಸುತ್ತ ಬಂದಿವೆ. ಒಂದು, ಅರಳಿಕಟ್ಟೆಯ ಮೇಲೆ ಕಾಲಹರಣ ಮಾಡುವ ಪೋಲಿ. ಇನ್ನೊಂದು, ಪೇಟೆಯ ಬೆಡಗಿಗೆ ಬಾಯಿಬಿಟ್ಟು ನಿಲ್ಲುವ ಪೆದ್ದ. ಮೊದಲನೆಯವನನ್ನು ಸಿನಿಮಾ ಸಾಕಷ್ಟು ಬೆಳೆಸಿದೆ. ಎರಡನೆಯವನಿಗೆ ಪೂರ್ಣರೂಪ ದೊರೆತದ್ದು 2010ರ ದಶಕದ ಆರಂಭದಲ್ಲಿ ಸುವರ್ಣ ವಾಹಿನಿಯಲ್ಲಿ ಪ್ರಸಾರವಾದ ‘ಹಳ್ಳಿ ಹೈದ ಪ್ಯಾಟೇಗ್ ಬಂದ’ ಎಂಬ ರಿಯಾಲಿಟಿ ಕಾರ್ಯಕ್ರಮದಲ್ಲಿ.

ಈ ಕಾರ್ಯಕ್ರಮದ ಚೌಕಟ್ಟು ಜಾನಪದ ವಿದ್ಯಾರ್ಥಿಗೆ ಅಪರಿಚಿತವೇನಲ್ಲ. ದಡ್ಡನೆನಿಸಿಕೊಂಡ ಕಿರಿಯ ಮಗ ಊರುಬಿಟ್ಟು ಪಟ್ಟಣ ಸೇರುವ ಆಶಯ ನಮ್ಮ ಜನಪದ ಕಥೆಗಳಲ್ಲಿ ಹೇರಳವಾಗಿದೆ. ಅಲ್ಲಿ ರಾಜ ಒಡ್ಡುವ ಪರೀಕ್ಷೆಗಳನ್ನು ಹುಡುಗ ಗೆಲ್ಲುವುದು ತಾನು ಬರುವಾಗಲೇ ತಂದ ಬಲದಿಂದ: ದಾರಿಯಲ್ಲಿ ಬದುಕಿಸಿದ ಇರುವೆ, ಅನ್ನವಿತ್ತ ಮುದುಕಿ, ಕೊಟ್ಟ ಮಾತು. ಕೊನೆಯಲ್ಲಿ ನಗೆಪಾಟಲಾಗುವುದು ಅರಮನೆ. ಕಿರುತೆರೆ ಇದೇ ಆರಂಭವನ್ನು ಎರವಲು ಪಡೆದು ಅಂತ್ಯವನ್ನು ತಿರುವುಮುರುವು ಮಾಡಿತು. ಪೇಟೆಯ ಯುವತಿಯರು ಗುರುಗಳಾದರು. ಹಳ್ಳಿಯಿಂದ ತಂದದ್ದನ್ನು ಕಳಚಿಕೊಂಡಷ್ಟೂ ಹೈದ ಗೆದ್ದನು. ಜನಪದ ಕಥೆಯಂತೆ ಕಾಣುವ ಈ ಕಥನ ವಾಸ್ತವವಾಗಿ ಅದರ ನಿರಾಕರಣೆ.

ಇದಕ್ಕೆ ತೆತ್ತ ಬೆಲೆ ಕಾಲ್ಪನಿಕವಲ್ಲ. ಸ್ಪರ್ಧೆಯಲ್ಲಿ ಗೆದ್ದ ರಾಜೇಶ್ ಎಚ್.ಡಿ. ಕೋಟೆ ತಾಲ್ಲೂಕಿನ ಹಾಡಿಯೊಂದರ ಯುವಕ. ಮುಂದೆ ‘ಜಂಗಲ್ ಜಾಕಿ’ ಎಂಬ ಚಿತ್ರದ ನಾಯಕನೂ ಆದರು. 2013ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ಕಾಡನ್ನು ಬಲ್ಲ ಒಬ್ಬ ಯುವಕನ ತಿಳಿವಳಿಕೆಯನ್ನು ಹಾಸ್ಯದ ಸರಕೆಂದಷ್ಟೇ ಕಂಡ ಕಾರ್ಯಕ್ರಮದ ವ್ಯಾಕರಣವನ್ನು ವಿಮರ್ಶೆ ಇನ್ನೂ ಸರಿಯಾಗಿ ಪರಿಶೀಲಿಸಿಲ್ಲ. ಇದರ ಜೋಡಿ ಕಾರ್ಯಕ್ರಮವಾದ ‘ಪ್ಯಾಟೆ ಹುಡ್ಗೀರ್ ಹಳ್ಳಿ ಲೈಫು’ ನಗರದ ಯುವತಿಯರನ್ನೂ ಅಷ್ಟೇ ಸಲೀಸಾಗಿ ನಾಜೂಕಿನ ಗೊಂಬೆಗಳನ್ನಾಗಿಸಿತು.

ಪರೀಕ್ಷೆಯ ಕಣವನ್ನು ಬದಲಿಸಿ ನೋಡಬಹುದು. ತುರುವೇಕೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ದಂಡಿನಶಿವರ, ತಿಪಟೂರು ಮತ್ತು ಚಿಕ್ಕನಾಯಕನಹಳ್ಳಿಗಳೊಡನೆ ತೆಂಗಿನ ಸೀಮೆಗೆ ಸೇರಿದ್ದು. ಇಲ್ಲಿ ಬಲಿತ ಕಾಯನ್ನು ಸಿಪ್ಪೆಸಹಿತ ಅಟ್ಟಕ್ಕೇರಿಸಿ ಸುಮಾರು 10-11 ತಿಂಗಳು ಬಿಡುತ್ತಾರೆ. ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಡುತ್ತದೆ. ಕಾಯನ್ನು ಅಲ್ಲಾಡಿಸಿ, ಸದ್ದು ಕೇಳಿಯೇ ಒಳಗೆ ಉಂಡೆ ಕೊಬ್ಬರಿಯಾಗಿದೆಯೇ ಎಂದು ಹೇಳಬೇಕು. ಇದು ಪಠ್ಯವಿಲ್ಲದ, ಕಿವಿ ಪಳಗಿಸುವ ವಿದ್ಯೆ.

ಅದೇ ಕಿವಿ ಇನ್ನೊಂದು ವಿದ್ಯೆಗೂ ಒದಗುತ್ತದೆ. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಪೌರಾಣಿಕ ನಾಟಕದ ಹುಚ್ಚು ಇಂದಿಗೂ ಇಳಿದಿಲ್ಲ. ಪಾತ್ರ ಬೇಕಾದವನು ಹಣ ತೆರಬೇಕು. ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ರಾತ್ರಿ ತಾಲೀಮು ನಡೆಯಬೇಕು. ಹಗಲು ಕಾಯಿ ಸುಲಿಯುವ, ಆಟೋ ಓಡಿಸುವ ಹುಡುಗ ರಾತ್ರಿ ದುರ್ಯೋಧನನಾಗಿ ಹಳೆಯ ಧಾಟಿಯ ಪದ್ಯಗಳನ್ನು ಎತ್ತಿದ ಶ್ರುತಿಯಲ್ಲಿ ಹಾಡುತ್ತಾನೆ. ಯುವಜನರನ್ನು ಕೆಡಿಸಿತೆಂದು ಪತ್ರಿಕೆಗಳು ದೂರುವ ಮೊಬೈಲಿನಲ್ಲಿಯೇ ಮೇಷ್ಟ್ರ ರಾಗವನ್ನು ಹಿಡಿದಿಟ್ಟುಕೊಂಡು ಕಲಿಯುತ್ತಾನೆ. ಈ ರಂಗವನ್ನು ಆದರ್ಶೀಕರಿಸಬೇಕಿಲ್ಲ. ದೊಡ್ಡ ಪಾತ್ರ ದುಡ್ಡಿದ್ದವನ ಪಾಲಾಗುವುದುಂಟು. ಸ್ತ್ರೀಪಾತ್ರಗಳಿಗೆ ಹೊರಗಿನ ವೃತ್ತಿ ಕಲಾವಿದೆಯರನ್ನು ಕರೆಸುತ್ತಾರೆಯೇ ಹೊರತು ಊರಿನ ಯುವತಿಗೆ ಅಲ್ಲಿ ಎಡೆಯಿರುವುದು ಅಪರೂಪ. ಆದರೆ ಪೋಲಿ, ಪೆದ್ದ ಎಂಬ ಎರಡೂ ಅಚ್ಚುಗಳಿಗೆ ಈ ಹುಡುಗ ಹೊಂದುವುದಿಲ್ಲ.

ಮಾಧ್ಯಮಗಳನ್ನಷ್ಟೇ ದೂಷಿಸುವುದು ಸುಲಭ. ಯುವಜನರ ನಿರಾಸಕ್ತಿಯಿಂದ ಜನಪದ ಕಲೆ ಅಳಿಯುತ್ತಿದೆ ಎಂಬ ವಾಕ್ಯ ಜಾನಪದ ಸಂಕಲನಗಳ ಮುನ್ನುಡಿಗಳಲ್ಲಿಯೂ ಬಹುಕಾಲದಿಂದ ಸವೆಯದೆ ಉಳಿದಿದೆ. ಅದರ ಮೂಲ ಕ್ಷೇತ್ರಕಾರ್ಯದ ವಿಧಾನದಲ್ಲಿದೆ. ಸಂಗ್ರಾಹಕರು ಹುಡುಕಿಕೊಂಡು ಹೋದದ್ದು ಮುಪ್ಪಿನ ವಕ್ತೃಗಳನ್ನು. ‘ಕುರುಕ್ಷೇತ್ರ’ವನ್ನು ಕಂಪನಿ ನಾಟಕದ ನೆರಳು, ಶುದ್ಧ ಜಾನಪದವಲ್ಲ ಎಂದು ಬದಿಗಿರಿಸಿದ್ದೂ ಉಂಟು. ಹೀಗೆ ಯುವಕ ಇರುವ ಕಡೆಗೆ ಹೋಗದೆ, ಅವನು ಇಲ್ಲವೆಂದು ಬರೆಯಲಾಯಿತು. ಮೂಡಲಪಾಯದ ಭಾಗವತರ ವಯಸ್ಸನ್ನು ದಾಖಲಿಸುವ ನಮೂನೆಯಲ್ಲಿ, ಪಾತ್ರಕ್ಕೆ ಹಣ ಕಟ್ಟಿ ರಾತ್ರಿ ತಾಲೀಮಿಗೆ ಬರುವ ಇಪ್ಪತ್ತೆರಡರ ಹುಡುಗನಿಗೆ ಒಂದು ಕಲಂ ಕೂಡ ಇಲ್ಲ.